ಇಬ್ಬರಾದ ನೀಲವ್ವ

ಬಹಳ ಹಿಂದೆ, ಬಾವಿಯ ನೀರು ಸೇದುವುದಕ್ಕೂ ಚಂದಾದಾರರಾಗಬೇಕಿದ್ದ ಕಾಲದಲ್ಲಿ, ಸುಗಮಪುರಿಯೆಂಬ ರಾಜ್ಯವಿತ್ತು. ಜನರ ಬದುಕೊಂದನ್ನು ಬಿಟ್ಟು ಅಲ್ಲಿ ಎಲ್ಲವೂ ಸುಗಮವಾಗಿತ್ತು. ಸಕಲಕೂಪಾಧೀಶ್ವರ ಮಹಾರಾಜ ವಿಕಾಸಭೂಷಣರು ಬಾವಿಗಳಿಗೆಲ್ಲ ಬೀಗ ಹಾಕಿಸಿ ಎರಡು ಪ್ಲಾನು ದಯಪಾಲಿಸಿದ್ದರು. ಬೆಳ್ಳಿ ಪ್ಲಾನಿನವರಿಗೆ ದಿನಕ್ಕೊಂದು ಕೊಡ, ಬಂಗಾರದವರಿಗೆ ಬೇಕಾದಷ್ಟು.

ಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದ ನೀಲವ್ವ ಬೆಳ್ಳಿಯವಳು. ಒಂದು ಕೊಡದಲ್ಲಿ ಅನ್ನ ಬೇಯಿಸಿದರೆ ತಟ್ಟೆ ತೊಳೆಯಲು ನೀರಿಲ್ಲ, ತಟ್ಟೆ ತೊಳೆದರೆ ಉಂಡವರಿಗೆ ಕುಡಿಯಲು ನೀರಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಒಲೆ ಆರಿಸುವ ದಿನ ಬಂದೀತೆಂದು ಹೆದರಿ, ಕಿವಿಯ ಓಲೆ ಮಾರಿ, ಅವಳು ಬಂಗಾರಕ್ಕೆ ಅಪ್‌ಗ್ರೇಡ್ ಆದಳು.

ಮರುದಿನ ಬಾವಿಯ ಕಾವಲುಗಾರ ಹಗ್ಗ ಕೊಡಲಿಲ್ಲ.

"ಬೆಳ್ಳಿ ನೀಲವ್ವ ಚಂದಾ ಬಾಕಿ ಇಟ್ಟಾಳ. ಅಕಿ ಬಾಕಿ ತೀರೂತನಾ ಬಂಗಾರ ನೀಲವ್ವಗ ನೀರಿಲ್ಲ."

"ಬೆಳ್ಳಿನೂ ನಾನ, ಬಂಗಾರನೂ ನಾನ ಅಲ್ಲೇನೋ ತಮ್ಮಾ?"

"ಇರಬಹುದು ಯಕ್ಕಾ. ಸಿಸ್ಟಮ್‌ನ್ಯಾಗ ಇಬ್ಬರದೀರಿ."

ಸುಗಮಪುರಿಯ ಪದ್ಧತಿಯೇ ಹಾಗೆ. ಮೇಲಿನ ಪ್ಲಾನಿಗೆ ಏರಿದವರನ್ನು ಹೊಸದಾಗಿ ಹುಟ್ಟಿದವರೆಂದು ಬರೆದುಕೊಳ್ಳುತ್ತಿದ್ದರು. ಹಳಬರನ್ನು ಅಳಿಸುವ ಅಧಿಕಾರ ಮಾತ್ರ ಯಾರಿಗೂ ಇರಲಿಲ್ಲ.

ನೀಲವ್ವ ಆಸ್ಥಾನಕ್ಕೆ ಹೋದಳು. ದೂರು ಹೇಳುವ ಮುನ್ನ ಅರಮನೆಯ ಸೇವೆಗೆ ಐದು ನಕ್ಷತ್ರ ಕೊಡಬೇಕೆಂದು ವಂದಿಮಾಗಧರು ತಡೆದರು. ಕೊಟ್ಟಳು. ಐದು ನಕ್ಷತ್ರ ಕೊಟ್ಟವಳಿಗೆ ದೂರೇನಿದ್ದೀತೆಂದು ಮಹಾರಾಜರು ಅಚ್ಚರಿಪಟ್ಟರು.

ಮಂತ್ರಿ ಸುಬೋಧಕೀರ್ತಿ ವಿವರಿಸಿದ. "ಪ್ರಭು, ಬೆಳ್ಳಿ ಚಂದಾ ರದ್ದಾಗಬೇಕಾದರೆ ಬೆಳ್ಳಿಯವಳೇ ಖುದ್ದಾಗಿ ಬರಬೇಕು. ಬಂದಿರುವವಳು ಬಂಗಾರದವಳು."

"ಇನ್ನೊಬ್ಬಾಕಿನ್ನ ಎಲ್ಲಿಂದ ತರ್ಲ್ರೀ? ಇರಾಕಿ ನಾ ಒಬ್ಬಾಕಿ," ಎಂದಳು ನೀಲವ್ವ.

"ನೋಡಿದಿರಾ ಪ್ರಭು, ಅವಳನ್ನು ಅಡಗಿಸಿಟ್ಟಿದ್ದಾಳೆ."

ಮಹಾರಾಜರು ಗಲ್ಲಕ್ಕೆ ಕೈಯಿಟ್ಟು ಯೋಚಿಸಿದರು. ಇದು ಅಪರೂಪಕ್ಕೆ ನಡೆಯುವ ಸಂಗತಿಯಾದ್ದರಿಂದ ಸಭೆ ಉಸಿರು ಬಿಗಿಹಿಡಿಯಿತು.

"ಅಪ್‌ಗ್ರೇಡ್ ಆದವರೆಲ್ಲ ಇಬ್ಬಿಬ್ಬರೋ?"

"ಹೌದು ಪ್ರಭು."

"ಎಲ್ಲರನ್ನೂ ಕಡ್ಡಾಯವಾಗಿ ಅಪ್‌ಗ್ರೇಡ್ ಮಾಡಿದರೆ ನನ್ನ ಪ್ರಜೆಗಳು ದುಪ್ಪಟ್ಟಾಗುತ್ತಾರೆ."

ಮಂತ್ರಿಗೆ ಇದು ಹೊಳೆದಿರಲಿಲ್ಲ. ಮೊದಲೇ ಗೊತ್ತಿದ್ದವನಂತೆ ಕೈಮುಗಿದ. "ಯುದ್ಧವಿಲ್ಲದೆ, ಹೆರಿಗೆಯೂ ಇಲ್ಲದೆ ಪ್ರಜಾಕೋಟಿಯನ್ನು ಇಮ್ಮಡಿಸುವ ಅರಸ ಭೂಮಂಡಲದಲ್ಲಿ ತಾವೊಬ್ಬರೇ."

ವಾರದೊಳಗೆ ಮಹಾರಾಜರಿಗೆ 'ದ್ವಿಗುಣ ಚಕ್ರವರ್ತಿ' ಎಂಬ ಬಿರುದು ಕೊಟ್ಟು, ಹಳೆಯ ಕಿರೀಟದ ಮೇಲೆಯೇ ಹೊಸ ಕಿರೀಟ ಇಟ್ಟರು. ಹಳೆಯದನ್ನು ತೆಗೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಹೊಸ ಕಿರೀಟದ ಖರ್ಚನ್ನು ತಲೆಗಿಷ್ಟೆಂದು ಹಂಚಿದರು. ನೀಲವ್ವ ಖಾನಾವಳಿಯ ಹಂಡೆ ಮಾರಿ ಎರಡು ತಲೆಯದನ್ನೂ ಕಟ್ಟಿದಳು. ನೀರೇ ಇಲ್ಲದ ಮೇಲೆ ಹಂಡೆ ಇಟ್ಟುಕೊಂಡು ಮಾಡುವುದೇನಿತ್ತು?

ಅವಳು ಖಾನಾವಳಿಗೆ ಬೀಗ ಹಾಕುವಾಗ ಕಾವಲುಗಾರ ಆ ದಾರಿಯಲ್ಲಿ ಬಂದ. "ಯಕ್ಕಾ, ಇದನ್ನ ಮುಚ್ಚಿದ್ರ ಊಟಕ್ಕ ಏನ್ ಮಾಡ್ತಿ?"

"ಉಪಾಸ ಇರ್ತೀವಪಾ," ಎಂದಳು ನೀಲವ್ವ. "ಇಬ್ಬರೂ."