ಜೋಗೇಶ್ವರಿಗೆ ಬಂದ ಸಮುದ್ರ

ಭಾನುವಾರ ಬೆಳಿಗ್ಗೆ ಶೀಲಾವತಿ ಮೂಗಿಗೆ ಸೆರಗು ಹಿಡಿದುಕೊಂಡು ಕಾಫಿ ತಂದಿಟ್ಟಾಗಲೇ ಅಣ್ಣುವಿಗೆ ಗೊತ್ತಾಗಬೇಕಿತ್ತು, ವಾರಕ್ಕೊಂದು ಸಿಗುವ ರಜೆಗೆ ಕಲ್ಲು ಬಿತ್ತು ಅಂತ. ಗೊತ್ತಾಗಲಿಲ್ಲ. ಒಂದು ಗುಟುಕು ಹೀರಿ, "ಸಕ್ಕರೆ ಸ್ವಲ್ಪ ಕಮ್ಮಿ" ಎಂದ.

"ಸಕ್ಕರೆ ಅತ್ಲಾಗಿರಲಿ. ಆ ಪೆಟ್ಟಿಗೆಯ ನಾತ ನಿಮ್ಮ ಮೂಗಿಗೆ ಹೊಡೆಯುವುದಿಲ್ವಾ? ನಾನು ಅಕ್ಕನ ಮನೆಗೆ ವಿಕ್ರೋಳಿಗೆ ಹೋಗಿ ಸಂಜೆ ಬರ್ತೇನೆ. ಅಷ್ಟರಲ್ಲಿ ಅದನ್ನು ತೊಳೆದಿಡಿ, ಇಲ್ಲದಿದ್ದರೆ ಹೊರಗೆ ಬಿಸಾಡಿ. ಎರಡರಲ್ಲಿ ಒಂದು ಆಗಬೇಕು."

"ಬಿಸಾಡುವುದಾ? ನಿನ್ನ ಚಿನ್ನನನ್ನಾ?"

ಶೀಲಾವತಿ ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ಮುಚ್ಚಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಹೋದಳು.

ಪೆಟ್ಟಿಗೆ ಅಂದರೆ ಅಣ್ಣುವಿನ ಗಾಜಿನ ಸಮುದ್ರ. ಅವನು ಮುಂಬೈಯ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು. ಮದುವೆಯಾಗಿ ಶೀಲಾವತಿಯನ್ನು ಜೋಗೇಶ್ವರಿಯ ಚಾಳಿನ ಒಂದು ಕೋಣೆಗೆ ಕರೆತಂದ ಹೊಸತರಲ್ಲಿ ಅವಳು ರಾತ್ರಿಯಿಡೀ ಅಳುತ್ತಿದ್ದಳು. ಪಡುಬಿದ್ರೆಯ ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. "ಇಲ್ಲಿ ಎಮ್ಮೆ ಕೂಗುವುದು ಕೇಳ್ತದೆ, ರೈಲು ಕೂಗುವುದು ಕೇಳ್ತದೆ, ಕಡಲಿನ ಶಬ್ದವೇ ಇಲ್ಲ. ನಿದ್ದೆ ಹೇಗೆ ಬರುವುದು?" ಅನ್ನುತ್ತಿದ್ದಳು. ಅಣ್ಣುವಿನ ಕರುಳು ಚುರುಕ್ಕೆಂದಿತು. ಆಗಷ್ಟೇ ಮರೀನ್ ಡ್ರೈವಿನಲ್ಲಿ ದೊಡ್ಡ ಮತ್ಸ್ಯಾಲಯ ತೆರೆದಿತ್ತು. ಅದನ್ನು ನೋಡಿ ಬಂದವನೇ ಕನ್ನಡಿ ಅಂಗಡಿಯವನನ್ನು ಕಾಡಿ ಬೇಡಿ ಗಾಜಿನ ಪೆಟ್ಟಿಗೆಯೊಂದನ್ನು ಮಾಡಿಸಿದ. ಚೌಪಾಟಿಯಿಂದ ಹೋಟೆಲಿನ ಎಣ್ಣೆ ಡಬ್ಬಗಳಲ್ಲಿ ಉಪ್ಪುನೀರು ತಂದ. ಬಲೆ ಬಿಡಿಸುತ್ತ ಕೂತಿದ್ದ ಬೆಸ್ತನೊಬ್ಬನಿಂದ ಹಳದಿ ಮೈಯ ಮೇಲೆ ಕಪ್ಪು ಪಟ್ಟೆಯಿದ್ದ, ಹೆಬ್ಬೆರಳುದ್ದದ ಮೀನನ್ನು ತಂದು ಬಿಟ್ಟ. ಅದೇ ಚಿನ್ನ. ಶೀಲಾವತಿ ಆ ರಾತ್ರಿ ಅಳಲಿಲ್ಲ. ಪೆಟ್ಟಿಗೆಯ ಮುಂದೆ ಕೂತು ನಕ್ಕಳು. ಆ ನಗುವನ್ನು ಅಣ್ಣು ಇವತ್ತಿಗೂ ಮರೆತಿಲ್ಲ.

ಅಂದಿನಿಂದ ಅವನ ಬಾಯಿಗೆ ಬೀಗವಿಲ್ಲ. "ಎಷ್ಟೋ ವರ್ಷವಾಯಿತು, ಅದೇ ಮೀನು! ಸಾಹೇಬರ ಮತ್ಸ್ಯಾಲಯದಲ್ಲೂ ಸಾಯ್ತವೆ, ನನ್ನದು ಸಾಯುವುದಿಲ್ಲ. ಕೈಗುಣ ಬೇಕು ಮಾರಾಯ್ರೆ. ಹೆಂಡತಿಗೆ ಸಮುದ್ರ ಬೇಕು ಅಂತ ಸಮುದ್ರವನ್ನೇ ಮನೆಗೆ ತಂದೆ!" ಅಂತ ಲೋಕಲ್‌ನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತಿದ್ದ. ಹೇಳುವುದರಲ್ಲಿ ಮುಳುಗಿ ತೊಳೆಯುವುದನ್ನು ಮರೆತ. ಈಗ ಗಾಜಿಗೆ ಹಸಿರು ಪಾಚಿ, ಅಂಚಿಗೆಲ್ಲ ಬಿಳಿ ಉಪ್ಪು, ಮರಳು ಕಪ್ಪು. ಮೀನು ಕಾಣಬೇಕಾದರೆ ಗಾಜಿಗೆ ಮೂಗು ಒತ್ತಬೇಕು, ಮೂಗು ಒತ್ತಿದರೆ ನಾತ.

ಬಿಸಾಡುವ ಮಾತೇ ಇಲ್ಲ, ಪೂರ್ತಿ ಬಿಚ್ಚಿ ಮೊದಲಿನಿಂದ ಶುರು ಮಾಡುವುದು ಎಂದು ಅಣ್ಣು ಪಂಚೆ ಎತ್ತಿ ಕಟ್ಟಿದ. ಹಳೆಯ ನೀರನ್ನೇ ಒಂದು ಬಕೀಟಿಗೆ ಬಗ್ಗಿಸಿಕೊಂಡು ಚಿನ್ನನನ್ನು ಅದರೊಳಗೆ ಬಿಟ್ಟ. ಸಂಜೆ ಶೀಲಾವತಿ ಬರುವಾಗ ಚಿನ್ನ ಹೊಸ ನೀರಿನಲ್ಲಿ ಈಜುತ್ತಿರಬೇಕು, ಅವಳು ಮತ್ತೆ ಅವತ್ತಿನ ಹಾಗೆ ನಗಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಅಷ್ಟರಲ್ಲಿ ಪಕ್ಕದ ಖೋಲಿಯ ಮೋನಪ್ಪ ಕರೆಯದೆ ಬಂದ. ಮಂಗಳೂರಿನವನು, ಬ್ರಹ್ಮಚಾರಿ, ಮೀನಿಲ್ಲದೆ ತುತ್ತೆತ್ತದವನು. ಬಕೀಟಿಗೆ ಬಗ್ಗಿ ನೋಡಿ, "ಪುಳಿಮುಂಚಿ ಸಾರಿಗೆ ಸಾಲದು ಮಾರಾಯ" ಎಂದ.

"ನಿನ್ನ ಕಣ್ಣು ಬೀಳ್ತದೆ, ಆಚೆ ಸರಿ!"

"ಆಯ್ತಪ್ಪ. ಪೆಟ್ಟಿಗೆ ಒಬ್ಬನೇ ಎತ್ತುತ್ತೀಯಾ? ಕೈ ಕೊಡ್ತೇನೆ. ಮೋರಿಗೆ ಯಾಕೆ ಹೊರುವುದು? ಗ್ಯಾಲರಿಯಿಂದ ಕೆಳಗೆ ಬಗ್ಗಿಸಿದರೆ ಆಯ್ತು."

ಇಬ್ಬರೂ ಏದುಸಿರು ಬಿಡುತ್ತ ಎತ್ತಿ ಬಗ್ಗಿಸಿದರು. ಕೆಳಗೆ ಅಂಗಳದಲ್ಲಿ ಎದುರು ಖೋಲಿಯ ಚನ್ನಬಸಯ್ಯನವರು ಮಡಿ ಉಟ್ಟು, ಹಣೆತುಂಬ ವಿಭೂತಿ ಧರಿಸಿ ಪೂಜೆಗೆ ಹೂವು ಕೊಯ್ಯುತ್ತಿದ್ದರು. ವರ್ಷಗಳಿಂದ ಕೊಳೆತ ಸಮುದ್ರ ಸೀದಾ ಅವರ ನೆತ್ತಿಯ ಮೇಲೆ ಇಳಿಯಿತು.

"ಯಾವನಲೇ ಅವಾ!" ಚನ್ನಬಸಯ್ಯನವರು ಪಾಚಿ ಒರೆಸಿಕೊಳ್ಳುತ್ತ ಮೇಲೆ ಬಂದರು. "ಲಿಂಗಪೂಜಾ ಆಗಿಲ್ಲ, ಮೀನಿನ ನೀರು ಮೈಮ್ಯಾಲ ಹಾಕ್ತೀರಿ! ಇನ್ನೊಮ್ಮೆ ಜಳಕಾ ಮಾಡಬೇಕಂದ್ರ ನೀರು ಎಲ್ಲೈತಿ? ನಳ ಹೋಗಿ ತಾಸಾತು!"

ಅಣ್ಣು ಕೈಮುಗಿದ. ಕುಡಿಯುವ ಕೊಡದಿಂದ ಹಿಡಿದು ಸ್ನಾನದ ಹಂಡೆಯವರೆಗೆ ಮನೆಯಲ್ಲಿದ್ದ ನೀರನ್ನೆಲ್ಲ ಹೊತ್ತು ಅವರ ಬಚ್ಚಲಿಗೆ ಸುರಿದ. ಮೋನಪ್ಪ ಯಾವಾಗಲೋ ಜಾರಿಕೊಂಡಿದ್ದ. ಚನ್ನಬಸಯ್ಯನವರ ಹೆಂಡತಿ ಚಂದ್ರವ್ವನಿಗೆ ಮಾತ್ರ ಅಯ್ಯೋ ಅನ್ನಿಸಿತು.

"ಇರೂವಷ್ಟೂ ನೀರು ಕೊಟ್ರಿ, ಪಾಪ. ನಿಮ್ಮ ಮನ್ಯಾಗ ಒಂದು ಹನಿ ಉಳೀಲಿಲ್ಲಲ್ರಿ."

ಅಣ್ಣುವಿಗೆ ಆಗ ಒಂದು ಉಪಾಯ ಹೊಳೆಯಿತು. ತಾನು ನೀರು ತರಲು ಚೌಪಾಟಿಗೆ ಹೋಗಬೇಕು, ಬಕೀಟನ್ನು ಮೋನಪ್ಪನ ಹತ್ತಿರ ಬಿಟ್ಟರೆ ಮೀನು ಉಳಿಯುವುದಿಲ್ಲ. ಇವರೋ ಬೆಳಗಾವಿ ಕಡೆಯ ಲಿಂಗವಂತರು, ಈರುಳ್ಳಿ ಹೆಚ್ಚುವಾಗಲೂ ಮರುಗುವವರು. ಇಡೀ ಮುಂಬೈಯಲ್ಲಿ ಮೀನಿಗೆ ಇದಕ್ಕಿಂತ ಭದ್ರವಾದ ಮನೆ ಎಲ್ಲಿದೆ?

"ಅಮ್ಮಾ, ನಾನು ಬರುವ ತನಕ ಈ ಬಕೀಟು ನಿಮ್ಮ ಬಾಗಿಲ ಬಳಿ ಇರಲಿ. ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ."

"ನಾನು ಮುಟ್ಟಂಗಿಲ್ರಿ, ಆದ್ರ ನೋಡಿಕೋತೀನಿ. ಅದೂ ಒಂದು ಜೀವ ಅಲ್ಲೇನ್ರಿ?"

ಅಣ್ಣು ಪೆಟ್ಟಿಗೆಯನ್ನು ಬೂದಿ ಹುಣಸೆಹಣ್ಣು ಹಾಕಿ ಉಜ್ಜಿ, ನೀರಿಲ್ಲದ್ದರಿಂದ ಒಣಬಟ್ಟೆಯಿಂದಲೇ ಗಾಜು ಕಾಣದಷ್ಟು ನಿರ್ಮಲವಾಗಿ ಒರೆಸಿದ. ಎರಡು ಡಬ್ಬ ಹಿಡಿದು ಲೋಕಲ್ ಹತ್ತಿದ. ಹೋಗುವಾಗ ಸುಲಭ, ಬರುವಾಗ ಫಜೀತಿ. ದಾದರಿನ ನೂಕುನುಗ್ಗಲಿನಲ್ಲಿ ಡಬ್ಬ ತುಳುಕಿ ಒಬ್ಬ ಸೇಠನ ಧೋತರ ಒದ್ದೆಯಾಯಿತು. "ಕ್ಯಾ ಹೈ ಇಸ್ ಮೇಂ?" ಎಂದು ಸೇಠ ಗುರುಗುಟ್ಟಿದ. "ಸಮುಂದರ್" ಎಂದ ಅಣ್ಣು. ಸೇಠ ಅವನ ಮುಖವನ್ನೊಮ್ಮೆ ನೋಡಿ, ಹುಚ್ಚರ ಜೊತೆ ಮಾತು ಬೇಡವೆಂದು ಎದ್ದು ಆಚೆ ಹೋಗಿ ನಿಂತ. ಅಣ್ಣುವಿಗೆ ಕೂರಲು ಜಾಗ ಸಿಕ್ಕಿತು. ಅಂದಿನ ದಿನ ಅವನಿಗೆ ಆದ ಲಾಭ ಅದೊಂದೇ.

ಮೆಟ್ಟಿಲು ಹತ್ತಿ ಬಂದಾಗ ಚಂದ್ರವ್ವ ಬಾಗಿಲಲ್ಲೇ ಬೀಗುತ್ತ ನಿಂತಿದ್ದಳು.

"ಬರ್ರಿ ಬರ್ರಿ! ನಳ ಬಂದಿತ್ರಿ. ನೀವು ಊರಾಗ ಇಲ್ಲ, ಮನೀ ಬರಿದಾಗೇತಿ, ಹಂಗ ಬಿಡಾಕ ಆಗ್ತೈತೇನು? ನಿಮ್ಮ ಹಂಡೆ, ಕೊಡ, ತಂಬಿಗಿ ಎಲ್ಲಾ ತುಂಬಿಸೇನಿ."

ಆ ಚಾಳಿನ ಪದ್ಧತಿಯೇ ಹಾಗೆ. ನಳ ಬಂದಾಗ ಯಾರು ಮನೆಯಲ್ಲಿಲ್ಲವೋ ಅವರ ಪಾತ್ರೆಗೆ ಪಕ್ಕದವರು ನೀರು ಹಿಡಿಯಬೇಕು. ಜಗಳವಾಡಿ ಮಾತು ಬಿಟ್ಟವರೂ ಇದನ್ನು ತಪ್ಪಿಸುತ್ತಿರಲಿಲ್ಲ.

"ದೊಡ್ಡ ಉಪಕಾರವಾಯ್ತಮ್ಮ" ಎನ್ನುತ್ತ ಅಣ್ಣು ಅವಳ ಬಾಗಿಲ ಬಳಿ ಕಣ್ಣು ಹಾಯಿಸಿದ. "ಬಕೀಟು?"

"ಅದನ್ನೂ ಬಿಟ್ಟಿಲ್ರಿ! ಪಾಪ, ಆ ಗಬ್ಬು ನೀರಾಗ ಹೆಂಗ ಇದ್ದೀತು ಅದು? ಬೆರಳು ತಾಗದಂಗ ಸೌಟಿನಿಂದ ಎತ್ತಿ, ಬಕೀಟು ತಿಕ್ಕಿ, ಚೊಕ್ಕ ಸಿಹಿನೀರು ತುಂಬಿಸಿ ಬಿಟ್ಟೇನಿ. ಮೊದಲ ಭಾಳ ಕುಣದಾಡ್ತು, ಖುಷಿ ನೋಡ್ರಿ ಅದಕ್ಕ. ಈಗ ಹೊಟ್ಟಿ ತುಂಬ ಕುಡದು, ಮಗ್ಗಲಾಗಿ ಮಲಗೇತಿ."

ಚಿನ್ನ ನಿಜವಾಗಿಯೂ ಮಲಗಿತ್ತು. ಇನ್ನು ಏಳುವಂತಿರಲಿಲ್ಲ.

ಅಣ್ಣು ಗ್ಯಾಲರಿಯಲ್ಲೇ ಕುಕ್ಕರಿಸಿದ. ಮದುವೆಯ ಮೊದಲ ವರ್ಷದ ಮೀನು, ಅವಳ ಅಳು ನಿಲ್ಲಿಸಿದ ಮೀನು. ಈ ಮುದುಕಿಯನ್ನು ಬೈಯೋಣವೆಂದರೆ ಅವಳು ಹೊಗಳಿಕೆಗಾಗಿ ಮಗುವಿನಂತೆ ಕಾಯುತ್ತಿದ್ದಳು. "ಒಳ್ಳೇದು ಮಾಡಿದಿರಿ ಅಮ್ಮ" ಎಂದು ಬಕೀಟು ಎತ್ತಿಕೊಂಡು ಒಳಗೆ ಬಂದ.

ಹಿಂದೆಯೇ ಬಂದ ಮೋನಪ್ಪ ಬಗ್ಗಿ ನೋಡಿ, "ಹೋಯ್ತಾ? ಅದಕ್ಕೆ ಅಷ್ಟು ಯಾಕೆ ತಲೆಬಿಸಿ?" ಎಂದ. "ವರ್ಸೋವಾದ ಕಡಲ ದಂಡೆಯ ಬೆಸ್ತರ ಕೇರಿ, ಕೋಳಿವಾಡದಲ್ಲಿ, ಹೌಸಾಬಾಯಿ ಅಂತ ಒಬ್ಬಳಿದ್ದಾಳೆ. ಇಂಥದ್ದೇ ಮೀನು ಕೊಡ್ತಾಳೆ."

"ನಿನಗೆ ಹೇಗೆ ಗೊತ್ತು?"

"ಮೀನಿನ ಸಂಗತಿ ನನಗೆ ಗೊತ್ತಿಲ್ಲದ್ದು ಉಂಟಾ? ಹೋಗು, ಶೀಲಕ್ಕ ಬರುವ ಹೊತ್ತಾಯ್ತು."

ಅಣ್ಣು ಅದೇ ಒದ್ದೆ ಪಂಚೆಯಲ್ಲಿ ತಂಬಿಗೆ ಹಿಡಿದು ಓಡಿದ. ಬಸ್ಸು ಸಿಕ್ಕಿದಷ್ಟು ದೂರ ಬಸ್ಸು, ಉಳಿದದ್ದು ಕಾಲು. ಒಣಮೀನಿನ ಸಾಲುಗಳ ನಡುವೆ ಹೌಸಾಬಾಯಿ ಕಾಲು ಚಾಚಿ ಕೂತು ವೀಳ್ಯ ಜಗಿಯುತ್ತಿದ್ದಳು. ಅಣ್ಣು ತನ್ನ ಹೋಟೆಲ್ ಹಿಂದಿಯಲ್ಲಿ ಹಳದಿ, ಕಪ್ಪು ಪಟ್ಟೆ, ಹೆಬ್ಬೆರಳು ಎಂದು ಕೈಬಾಯಿ ಸೇರಿಸಿ ವಿವರಿಸಿದ.

"ಜೋಗೇಶ್ವರೀಚಾ ಕಾ?" ಜೋಗೇಶ್ವರಿಯವನೋ ಎಂದು ಕೇಳಿದಳು ಅವಳು.

ಅಣ್ಣು ಬೆಪ್ಪಾಗಿ ತಲೆಯಾಡಿಸಿದ.

ಹೌಸಾಬಾಯಿ ನಗುತ್ತ ಹೇಳಿದ ಮರಾಠಿಯ ತಾತ್ಪರ್ಯ ಇಷ್ಟು: ಜೋಗೇಶ್ವರಿಯಿಂದ ಒಬ್ಬ ಹೆಂಗಸು ಬರುತ್ತಾಳೆ. ಮೀನು ಸತ್ತಾಗಲೆಲ್ಲ ಬರುತ್ತಾಳೆ, ಮಳೆಗಾಲದಲ್ಲಂತೂ ಮೇಲಿಂದ ಮೇಲೆ. ಅವಳ ಗಂಡ ಒಳ್ಳೆಯವನೇ, ತಲೆ ಮಾತ್ರ ಸ್ವಲ್ಪ ಹೀಗೆ. ಮೀನು ಸತ್ತದ್ದು ತಿಳಿದರೆ ಅವನು ಊಟ ಬಿಟ್ಟಾನಂತೆ. ಅದಕ್ಕೇ ಅವಳಿಗಾಗಿ ಯಾವಾಗಲೂ ಒಂದನ್ನು ಹಿಡಿದಿಟ್ಟಿರುತ್ತೇನೆ. ಇವತ್ತು ಆಳನ್ನು ಕಳಿಸಿದ್ದಾಳೋ?

"ಹೌದು, ನಾನು ಅವರ ಮನೆಯ ಆಳು" ಎಂದ ಅಣ್ಣು.

ತಂಬಿಗೆಯಲ್ಲಿ ಹೊಸ ಮೀನು ಹಿಡಿದು ಅವನು ವಾಪಸ್ಸು ಬಂದದ್ದು ಯಾವ ದಾರಿಯಲ್ಲೋ ಅವನಿಗೇ ಗೊತ್ತಿಲ್ಲ. ಕೈಗುಣವಂತೆ, ಕೈಗುಣ! ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೆ ಸೆರಗಿನಡಿ ತಂಬಿಗೆ ಬಚ್ಚಿಟ್ಟುಕೊಂಡು, ತನಗೆ ಬೇಸರವಾಗಬಾರದು ಅಂತ ಬಿಸಿಲು ಮಳೆಯೆನ್ನದೆ ಇದೇ ದಾರಿಯಲ್ಲಿ ನಡೆದ ಶೀಲಾವತಿ ಕಣ್ಣಿಗೆ ಕಟ್ಟಿದಾಗ ನಾಚಿಕೆ ಕರಗಿ ಪ್ರೀತಿ ಉಕ್ಕಿತು. ರಸ್ತೆಯಲ್ಲೇ ಕಣ್ಣೊರೆಸಿಕೊಂಡ.

ಶೀಲಾವತಿ ಬಂದಾಗ ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು. ತಿಳಿನೀರಿನಲ್ಲಿ ಮೀನು ಗಿರಕಿ ಹೊಡೆಯುತ್ತಿತ್ತು. ಅವಳು ಬಗ್ಗಿ ತುಸು ಹೊತ್ತು ನೋಡಿದಳು.

"ಹೌಸಾಬಾಯಿ ಹೇಗಿದ್ದಾಳೆ?" ಎಂದಳು.

"ಅದು ಹೇಗೆ ಗೊತ್ತಾಯ್ತು ನಿನಗೆ?"

"ಒಂದೊಂದನ್ನೂ ತಂದವಳು ನಾನು. ಇದರ ಪಟ್ಟೆ ಬೇರೆ."

"ಮಾರಾಯ್ತಿ, ನನಗೋಸ್ಕರ ಎಷ್ಟು ಕಷ್ಟಪಟ್ಟೆ! ಇನ್ನು ನೀನು ಆ ದೂರ ನಡೆಯುವುದು ಬೇಡ. ಮೀನು ಸತ್ತರೆ ನಾನೇ ಹೋಗಿ ತರ್ತೇನೆ."

ಶೀಲಾವತಿಯ ಮುಖ ಬಾಡಿತು. "ಹಾಗಾದರೆ ನಾನು ಇನ್ನು ಯಾವ ನೆಪದಲ್ಲಿ ಹೋಗುವುದು?"

"ಎಲ್ಲಿಗೆ?"

"ಕಡಲಿಗೆ. ಮೀನು ತಗೊಳ್ಳಲು ಎಷ್ಟು ಹೊತ್ತು ಬೇಕು? ಅದಾದ ಮೇಲೆ ಹೌಸಾಬಾಯಿಯ ಜೊತೆ ದಂಡೆಯಲ್ಲಿ ಕೂರ್ತೇನೆ. ನೀರಲ್ಲಿ ಕಾಲು ಬಿಡ್ತೇನೆ. ಒಂದೊಂದು ಸಲ ಕಣ್ಣು ಮುಚ್ಚಿದರೆ ಪಡುಬಿದ್ರೆಯಲ್ಲೇ ಇದ್ದ ಹಾಗೆ ಆಗ್ತದೆ."

"ಕಡಲಿಗೆ ಹೋಗಬೇಕು ಅಂತ ನನ್ನ ಹತ್ತಿರ ಹೇಳಬಾರದಿತ್ತಾ?"

"ಹೇಗೆ ಹೇಳುವುದು? ಹೆಂಡತಿಗೆ ಸಮುದ್ರವನ್ನೇ ಮನೆಗೆ ತಂದುಕೊಟ್ಟೆ ಅಂತ ನೀವು ಊರಿಡೀ ಹೇಳಿಕೊಂಡು ಬರ್ತೀರಿ. ಮತ್ತೆ ಸಮುದ್ರಕ್ಕೆ ಹೋಗ್ತೇನೆ ಅಂದರೆ ನಿಮ್ಮ ಮರ್ಯಾದೆ ಏನಾಗಬೇಕು?"

ಅಣ್ಣು ಅವಳ ಕೈ ಹಿಡಿದುಕೊಂಡು, "ಮುಂದಿನ ಭಾನುವಾರ ಇಬ್ಬರೂ ಹೋಗುವ. ಇಡೀ ದಿನ ಅಲ್ಲೇ ಕೂರುವ" ಎಂದ.

ಶೀಲಾವತಿ ಹೊಸ ಹೆಂಡತಿಯ ಹಾಗೆ ನಕ್ಕಳು. ಅಣ್ಣು ಇಡೀ ದಿನ ಒದ್ದಾಡಿದ್ದು ಆ ನಗುವಿಗಾಗಿಯೇ. ಆದರೆ ನಗು ಮುಗಿಯುವ ಮೊದಲೇ ಅವಳು ತಲೆಯಲ್ಲಾಡಿಸಿದಳು.

"ಇಬ್ಬರೂ ಹೋದರೆ ಹೇಗೆ? ಮನೆಯಲ್ಲಿ ಮೀನಿಗೆ ಯಾರು? ಚಂದ್ರವ್ವನ ಕೈಗೆ ಕೊಡಲಿಕ್ಕಾಗ್ತದಾ, ಮೋನಪ್ಪನ ಕೈಗೆ ಕೊಡಲಿಕ್ಕಾಗ್ತದಾ? ನಾನು ಹೋಗಿ ಬರ್ತೇನೆ. ನೀವು ಮನೆಯಲ್ಲೇ ಕೂತು ಸಮುದ್ರ ನೋಡಿಕೊಳ್ಳಿ."