ಹೆಣ್ಣು ಸಿಗುವ ಮೊದಲೇ ಛತ್ರ

ಅರ್ಥಶಾಸ್ತ್ರ ಓದಿದವನು ಸಂಸಾರದಲ್ಲಿ ಎಡವುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಭಾರತೀನಗರದ ಕಾಲೇಜಿನಲ್ಲಿ ಪಾಠ ಮಾಡುತ್ತಾ ಡಿರೈವೇಟಿವ್ಸ್ ಮೇಲೆ ಸಂಶೋಧನೆಗೂ ಕೈ ಹಾಕಿದ್ದೆ. ಅದರಲ್ಲೂ ಬೆಳೆ ಕೈಗೆ ಬರುವ ಮೊದಲೇ ಬೆಲೆ ಮಾತಾಡಿಕೊಂಡು ನಿಶ್ಚಿಂತೆಯಾಗಿರುವ ಮುಂಗಡ ಒಪ್ಪಂದವೆಂದರೆ ನನಗೆ ಪ್ರಾಣ. ಅದನ್ನು ಮನೆಯಲ್ಲೇ ಪ್ರಯೋಗಿಸುವ ಯೋಗ ನನ್ನ ತಮ್ಮ ಮಹೇಶನ ಮದುವೆಯಲ್ಲಿ ಒದಗಿತು!

ಮಹೇಶ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿದ್ದಾನೆ. ಅವನಿಗೆ ಹೆಣ್ಣು ಹುಡುಕಿ ಹುಡುಕಿ ಸುಸ್ತಾಗಿದ್ದೆವು. ಹೆಣ್ಣು ಸಿಕ್ಕ ಮೇಲೆ ಛತ್ರ ಸಿಗದಿದ್ದರೆ? ನಾನು ಮದ್ದೂರಿಗೆ ಹೋಗಿ, ಫಾಲ್ಗುಣದ ಒಂದು ಒಳ್ಳೆಯ ಲಗ್ನ ನೋಡಿ ಛತ್ರ ಹಿಡಿದೇಬಿಟ್ಟೆ. ಅಡುಗೆಯವರಿಗೂ ವಾಲಗದವರಿಗೂ ಅದೇ ದಿನಕ್ಕೆ ಹೇಳಿದೆ.

ಹೆಂಡತಿ ಸವಿತಾ ಸೊಂಟದ ಮೇಲೆ ಕೈಯಿಟ್ಟಳು. "ರೀ, ಹೆಣ್ಣೇ ಗೊತ್ತಾಗಿಲ್ಲ. ವಾಲಗ ಯಾರ್ ಮುಂದೆ ಊದ್ಸ್ತೀರಿ?"

"ನಷ್ಟದ ಭಯಾನ ಇವತ್ತೇ ಕಟ್ಟಿಹಾಕಿದ್ದೀನಿ ಕಣೇ!"

"ನಿಮ್ಮನ್ನ ಕಟ್ಟಾಕ್ಬೇಕಿತ್ತು."

ಅಷ್ಟರಲ್ಲೇ ಮಳವಳ್ಳಿಯಿಂದ ಒಂದು ಸಂಬಂಧ ಬಂತು. ಹೆಣ್ಣು ನೋಡಲು ಮೂವರೂ ಅವರ ಮನೆಗೆ ಹೋದೆವು. ಹುಡುಗಿ ರಮ್ಯ ಕಾಫಿ ತಂದಳು, ನಮ್ಮ ಕಡೆ ನೋಡಿ ತುಟಿ ಕಚ್ಚಿ ನಕ್ಕು ಒಳಗೆ ಹೋದಳು. ಮಹೇಶ ಕೇಸರಿಬಾತಿನ ಚಮಚ ಹಿಡಿದು ಹಾಗೇ ಕೂತುಬಿಟ್ಟ. ಪಾಪ, ಇಷ್ಟು ದಿನದಲ್ಲಿ ಅವನ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಈ ಸಂಬಂಧ ತಪ್ಪಬಾರದು!

ಹುಡುಗಿಯ ತಂದೆ ಸಿದ್ದೇಗೌಡರು ಕೇಳಿದರು: "ಒಪ್ಗೆ ಆದ್ರೆ ಮದ್ವೆ ಯಾವಾಗ ಮಡೀಕೊಳ್ಳಾಣ?"

ನಾನು ಎದೆಯುಬ್ಬಿಸಿದೆ. "ಚಿಂತೆ ಬಿಡಿ! ಛತ್ರ, ಅಡುಗೆ, ವಾಲಗ, ಎಲ್ಲಾ ಆಗಲೇ ಹೇಳಿಯಾಗಿದೆ!"

ಗೌಡರ ಲೋಟ ಬಾಯಿಯ ಹತ್ತಿರವೇ ನಿಂತಿತು. "ನಮ್ ಎಣ್ಣು ನೋಡಕ್ ಮುಂಚೆನೇ ಛತ್ರ ಇಡ್ದಿದ್ದೀರಾ? ಅಂಗಾರೆ ಅದ್ಯಾರ್ ಜೊತೆ ಮದ್ವೆ ಗೊತ್ತಾಗಿತ್ತು? ಅದ್ಯಾಕೆ ಮುರ್ದೋಯ್ತು?"

ಇಲ್ಲಿ ಸುಮ್ಮನಿದ್ದಿದ್ದರೆ ನಾನು ಮನುಷ್ಯ. ಆದರೆ ನಾನು ಸಂಶೋಧಕ! "ಹಾಗಲ್ಲ ಗೌಡ್ರೇ, ಮುಂಗಡ ಒಪ್ಪಂದದಲ್ಲಿ ದಿನ ಮುಖ್ಯ. ಹೆಣ್ಣು ಯಾರಾದ್ರೂ ನಡೆಯುತ್ತೆ" ಎಂದೆ.

ಸವಿತಾ ನನ್ನ ಕಾಲು ತುಳಿದಳು. ತಡವಾಗಿತ್ತು. ಗೌಡರು ಟವೆಲ್ ಕೊಡವಿ ಎದ್ದರು.

"ಯಾರಾದ್ರೂ ನಡೀತದಾ? ಏಳ್ರಪ್ಪಾ, ನಡೀರಿ!"

ಮಹೇಶ ನನ್ನನ್ನು ನೋಡಿದ. ತಮ್ಮನ ಬಾಳನ್ನು ನಾನೇ ಕೈಯಾರೆ ಹಾಳು ಮಾಡಿದ್ದೆ.

ಆಗ ಅಡುಗೆಮನೆಯಿಂದ ಕಿಲಕಿಲ ನಗು ಕೇಳಿತು. ರಮ್ಯ ಬಾಗಿಲಿಗೆ ಬಂದಳು. "ಅಪ್ಪಾ, ಕೂತ್ಕಳಪ್ಪ. ಇವ್ರು ನಮ್ ಕಾಲೇಜ್ ಮೇಷ್ಟ್ರು, ಇವ್ರಿಗೆ ನನ್ ಗುರ್ತು ಸಿಕ್ಕಿಲ್ಲ ಅಷ್ಟೇಯ. ನಾನ್ ಓದೋವಾಗ ಟೂರಿಗೆ ಪ್ರಿನ್ಸಿಪಾಲ್ರು ಒಪ್ಪಕ್ ಮುಂಚೆನೇ ಬಸ್ ತಂದು ಗೇಟ್ ತಾವ ನಿಲ್ಸಿದ್ರು. ಯಾವ್ ಸಂಬಂಧನೂ ಮುರ್ದಿರಕ್ಕಿಲ್ಲ. ಇವ್ರು ಇರೋದೇ ಇಂಗೆ!"

ಗೌಡರು ಸವಿತಾಳ ಕಡೆ ತಿರುಗಿದರು. "ಔದೇನವ್ವಾ?"

"ಮೊದ್ಲಿಂದ್ಲೂ ಹೀಗೇ ಕಣಪ್ಪ" ಎಂದಳು ನನ್ನ ಧರ್ಮಪತ್ನಿ, ಕೈ ಮುಗಿದು.

ಗೌಡರು ಹೊಟ್ಟೆ ಹಿಡಿದು ನಕ್ಕರು. ಸಂಬಂಧ ಕುದುರಿತು! ಆದರೆ ಮದುವೆ ನಡೆದದ್ದು ಗೌಡರು ಹೇಳಿದಂತೆ ವೈಶಾಖದಲ್ಲಿ, ಮಳವಳ್ಳಿಯಲ್ಲಿ, ಅವರು ಹಿಡಿದ ಛತ್ರದಲ್ಲಿ. ಫಾಲ್ಗುಣದ ಆ ಶುಭದಿನ ಮದ್ದೂರಿನ ಛತ್ರ ಬೀಗ ಹಾಕಿಕೊಂಡೇ ಇತ್ತು. ಬೇಡವೆಂದು ಹೇಳಲು ನಾನು ಮರೆತಿದ್ದ ವಾಲಗದವರು ಮಾತ್ರ ಬಂದು, ಮುಚ್ಚಿದ ಬಾಗಿಲ ಮುಂದೆ ನಿಷ್ಠೆಯಿಂದ ಊದಿ ಹೋದರಂತೆ.

ಮದುವೆಯ ದಿನ ಬೀಗರು ನನ್ನ ಕೈ ಹಿಡಿದುಕೊಂಡು ಬಂದವರಿಗೆಲ್ಲ ಪರಿಚಯಿಸಿದರು: "ಉಡ್ಗನ ಅಣ್ಣ. ಎಣ್ಣಿಲ್ದೆ ಛತ್ರ ಇಡ್ದಿದ್ರಲ್ಲಾ, ಅವ್ರೇಯ!"

ಪಕ್ಕದಲ್ಲಿ ಮಹೇಶ ಬಾಸಿಂಗದೊಳಗಿಂದ ನಗುತ್ತಿದ್ದ. ನಾನು ಎಲ್ಲರಿಗೂ ಕೈ ಮುಗಿದೆ. ನನ್ನ ಅರ್ಥಶಾಸ್ತ್ರ ಮುರಿಯಲು ಹೊರಟಿದ್ದ ಮದುವೆಯನ್ನು ನನ್ನ ದಡ್ಡತನ ಉಳಿಸಿತ್ತು!