ಒಂದೇ ಗೋಡೆ, ಎರಡು ಒಗೆತ

"ಮೂವತ್ತೆರಡು ವರ್ಷ ಬೆಂಕಿಗೇ ನೀರು ಕುಡಿಸಿದವನು ನಾನು. ಈ ಪಾಚಿ ಯಾವ ಲೆಕ್ಕ!"

ಅಗ್ನಿಶಾಮಕ ದಳದಿಂದ ನಿವೃತ್ತರಾದ ಯಜಮಾನರು ಮನೆ ಮುಂದೆ ನಿಂತು ಹೀಗೆ ಘೋಷಿಸಿದಾಗ ಬೆಳಿಗ್ಗೆ ಏಳು ಗಂಟೆ. ಕೈಯಲ್ಲಿ ಬಾಡಿಗೆಗೆ ತಂದ, ನೀರನ್ನು ರಭಸದಿಂದ ಚಿಮ್ಮಿಸುವ ಪ್ರೆಷರ್ ವಾಷರ್. ಎದುರಿಗೆ ಹಸಿರುಗಟ್ಟಿದ ಗೋಡೆ. ಆ ಗೋಡೆಯ ಹಿಂದಿನ ಕೋಣೆಯಲ್ಲೇ ಅವರ ಹೆಂಡತಿಯ ಲಾಂಡ್ರಿ. ಹನ್ನೊಂದಕ್ಕೆ ದೊಡ್ಡಾಸ್ಪತ್ರೆಯ ಮೇಟ್ರನ್ ಬರುವವರಿದ್ದರು. ಅವರು ಒಪ್ಪಿದರೆ ಆಸ್ಪತ್ರೆಯ ಹಾಸಿಗೆ ಬಟ್ಟೆಯೆಲ್ಲ ವರ್ಷಪೂರ್ತಿ ಈ ಲಾಂಡ್ರಿಗೇ. ಮಾದರಿಗೆಂದು ಅವರು ಕಳಿಸಿದ್ದ ಇಪ್ಪತ್ತು ಬೆಡ್‌ಶೀಟುಗಳು ಒಗೆದು, ಇಸ್ತ್ರಿಯಾಗಿ, ಕಿಟಕಿಯ ಪಕ್ಕ ಗರಿಗರಿಯಾಗಿ ಕುಳಿತಿದ್ದವು. ಗೋಡೆಯೊಂದೇ ಮಾನ ಕಳೆಯುವಂತಿತ್ತು.

"ರೀ, ಅದನ್ನ ಬಡಿಯೋದಲ್ಲ, ನೆನೆಸೋದು," ಅಂದರು ಹೆಂಡತಿ. "ಸೋಪು ನೀರಿಗೆ ಚೂರು ಬ್ಲೀಚಿಂಗ್ ಹಾಕಿ, ಗಿಡಕ್ಕೆ ಔಷಧಿ ಹೊಡೆಯೋ ಪಂಪಲ್ಲಿ ಸಿಂಪಡಿಸೋಣ. ಕಾಲು ಗಂಟೆ ಬಿಟ್ಟು ಮೆಲ್ಲಗೆ ತೊಳೆದರೆ ತಾನಾಗೇ ಬಿಡುತ್ತೆ."

"ಗೋಡೆ ಏನು ಅಂಗಿ ಕಾಲರ್ರಾ, ನೆನೆಹಾಕೋಕೆ? ನೀರು ಅಂದ್ರೆ ಒತ್ತಡ ಕಣೇ, ಒತ್ತಡ!"

"ಮನೆಗೆ ಬೆಂಕಿ ಬಿದ್ದಿಲ್ಲ ಕಣ್ರೀ, ಪಾಚಿ ಹಿಡಿದಿದೆ."

"ಸರಿ, ಬಾಗಿಲಿನ ಎಡಕ್ಕೆ ನಿನ್ನ ಸೋಪು ನೀರು, ಬಲಕ್ಕೆ ನನ್ನ ಮೆಷಿನ್ನು. ನೋಡೇಬಿಡೋಣ!"

ಮೆಷಿನ್ನು ಗುಡುಗಿತು. ಮೊದಲ ಪಟ್ಟಿ ಹಾಲಿನಂತೆ ಬೆಳ್ಳಗಾಯಿತು. ಎದುರುಮನೆಯ ಟೈಲರ್ ಜಗಲಿಯಿಂದಲೇ "ಭೇಷ್!" ಅಂದರು. ಆ ಒಂದು ಭೇಷ್ ಸಾಕಾಯಿತು. ಯಜಮಾನರು ಎರಡು ಹೆಜ್ಜೆ ಮುಂದೆ ಹೋಗಿ ಒತ್ತಡವನ್ನು ತುದಿಗೇರಿಸಿದರು. ಮೊದಲು ಪಾಚಿ ಹೋಯಿತು. ಅದರ ಬೆನ್ನಿಗೇ ಬಣ್ಣ ಹೋಯಿತು. ಅವರಿಬ್ಬರೂ ಹೋದ ಮೇಲೆ ತನಗಿಲ್ಲೇನು ಕೆಲಸವೆಂದು ಗಾರೆಯೂ ಹೊರಟಿತು! ತಟ್ಟೆಯಗಲದ ಗಾರೆ ಕಾಲ ಬಳಿ ಬಿದ್ದ ಗಾಬರಿಗೆ ಪೈಪು ತಿರುಗಿತು. ತೆರೆದಿದ್ದ ಕಿಟಕಿಯೊಳಗೆ ನೀರು ನೆಟ್ಟಗೆ ನುಗ್ಗಿತು.

ಒಳಗಿನಿಂದ ಹೆಂಡತಿಯ ಕೂಗು: "ರೀ! ಇಲ್ಲಿ ಯಾರನ್ನ ಕಾಪಾಡ್ತಿದೀರಿ?"

ಇಪ್ಪತ್ತೂ ಶೀಟುಗಳ ಮೇಲೆ ಹಸಿರು ಚುಕ್ಕಿ, ಬಣ್ಣದ ಹೊಪ್ಪಳೆ. ಬೈಯುವುದಕ್ಕೂ ಹೊತ್ತಿರಲಿಲ್ಲ. ಆಕೆ ಶೀಟುಗಳನ್ನು ಮತ್ತೆ ನೀರಿಗೆ ಹಾಕಿ, ಅವು ನೆನೆಯುವಷ್ಟರಲ್ಲಿ ಎಡಗಡೆ ಗೋಡೆಗೆ ಸೋಪು ನೀರು ಹೊಡೆದರು. ಕಾಲು ಗಂಟೆಯ ಬಳಿಕ ಮಗುವನ್ನು ಮೀಯಿಸಿದಷ್ಟು ಹಗುರಾಗಿ ತೊಳೆದರು. ಗೋಡೆ ನಿನ್ನೆ ತಾನೇ ಬಣ್ಣ ಬಳಿದಂತೆ ನಕ್ಕಿತು. ಬಲಗಡೆಯದು ತಿರುಗಿ ನೋಡುವಂತಿರಲಿಲ್ಲ.

"ಹಗ್ಗ ಕಟ್ಟಿ," ಅಂದರು ಹೆಂಡತಿ, ಒಗೆದ ಶೀಟುಗಳನ್ನು ಹಿಂಡುತ್ತ. "ಆ ಬೋಳು ಗೋಡೆ ಮುಂದೆ. ಶೀಟೂ ಒಣಗಲಿ, ಮಾನವೂ ಉಳೀಲಿ."

ಯಜಮಾನರು ಪೈಪು ಕೆಳಗಿಟ್ಟು ಹಗ್ಗ ಕಟ್ಟಿದರು.

ಹೇಳಿದ ಹೊತ್ತಿಗೆ ಸರಿಯಾಗಿ ಬಂದ ಮೇಟ್ರನ್ ಎಡಗಡೆ ಕಣ್ಣಾಡಿಸಿದರು. "ಗೋಡೆಯನ್ನೇ ಹೀಗೆ ಒಗೆದಿದ್ದೀರಲ್ಲಮ್ಮ!" ಎಂದು ಬಲಕ್ಕೆ ತಿರುಗಿ, ಶೀಟು ಮುಟ್ಟಿ, ಮೂಸಿ, ಬೆಳಕಿಗೆ ಹಿಡಿಯಲು ಎತ್ತಿಯೇಬಿಟ್ಟರು. ಹಿಂದಿನಿಂದ ಇಟ್ಟಿಗೆಗಳು ಹಲ್ಲು ಕಿರಿದವು.

"ಅಯ್ಯೋ, ಇಲ್ಲಿ ಬೆಂಕಿ ಅನಾಹುತ ಆಗಿತ್ತಾ?"

"ಇಲ್ಲ ಮೇಡಂ, ಆರಿಸೋರ ಅನಾಹುತ," ಅಂದರು ಹೆಂಡತಿ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಶೀಟು ಕೊಳೆಯಾದದ್ದು, ಮತ್ತೆ ಒಗೆದದ್ದು ಎಲ್ಲವನ್ನೂ ಹೇಳಿದರು. ಕೆಲಸ ಕೈತಪ್ಪಿತೆಂದು ಯಜಮಾನರು ಕಣ್ಣು ಮುಚ್ಚಿಕೊಂಡರು.

ಮೇಟ್ರನ್ ಶೀಟನ್ನು ಇನ್ನೊಮ್ಮೆ ನೋಡಿದರು. "ಬೆಳಿಗ್ಗೆ ಹಾಳಾದದ್ದು ಹನ್ನೊಂದಕ್ಕೆ ಹೀಗಿದೆಯಾ? ಆಸ್ಪತ್ರೆಗೆ ಬೇಕಾದ ಲಾಂಡ್ರಿ ಇದೇನೇ." ಒಪ್ಪಂದದ ಕಾಗದ ತೆಗೆದು, ಕೊನೆಯಲ್ಲಿ ತಮ್ಮ ಕೈಯಾರೆ ಒಂದು ಷರತ್ತು ಸೇರಿಸಿ ಗಟ್ಟಿಯಾಗಿ ಓದಿದರು: "ಆಸ್ಪತ್ರೆಯ ಬಟ್ಟೆಗೆ ಯಜಮಾನರು ಕೈ ಹಚ್ಚತಕ್ಕದ್ದಲ್ಲ." ಆಮೇಲೆ ತಲೆಯೆತ್ತಿ ಕೇಳಿದರು: "ಇದಕ್ಕೆ ಸಾಕ್ಷಿಗೆ ಒಬ್ಬರ ಸಹಿ ಬೇಕಲ್ಲ?"

ಹೆಂಡತಿ ಪೆನ್ನನ್ನು ಗಂಡನ ಕೈಗಿಟ್ಟರು.

"ಹಾಕಿ ರೀ. ಮೆಲ್ಲಗೆ. ಒತ್ತಿ ಬರೆದರೆ ಕಾಗದ ಹರಿಯುತ್ತೆ."